ಚಲನೆಯ ನಕ್ಷೆಯನ್ನು ಓದುವ ಬಗೆ

ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿ ಚಲನೆಯ ಪಾಠಕ್ಕೆ ತಳಹದಿಯ ಸ್ಥಾನವಿದೆ. ಆದರೆ ಆ ಪಾಠದ ಮೂರು ಸಮೀಕರಣಗಳನ್ನು ಕಂಠಪಾಠ ಮಾಡಿಸುವಲ್ಲಿ ನಮ್ಮ ಶಾಲೆಗಳು ತೋರುವ ಶ್ರದ್ಧೆ, ಸ್ಥಾನ-ಕಾಲ ನಕ್ಷೆಯನ್ನು ಓದಿಸುವಲ್ಲಿ ಕಾಣುವುದಿಲ್ಲ. ಅಕ್ಷಗಳಿಗೆ ಹೆಸರು ಬರೆಸಿದರೆ ಕೆಲಸ ಮುಗಿಯಿತು. ಈ ಕ್ರಮವು ತಿರುಗುಮುರುಗಾಗಬೇಕೆಂದು ನನ್ನ ಅಭಿಪ್ರಾಯ: ಮೊದಲು ನಕ್ಷೆ, ಬಳಿಕ ಸೂತ್ರ.

ನಕ್ಷೆಯನ್ನು ದಾರಿಯ ಚಿತ್ರವೆಂದು ಭಾವಿಸಿದಾಗಲೇ ವಿದ್ಯಾರ್ಥಿಯು ಎಡವುತ್ತಾನೆ. ಏರುವ ರೇಖೆಯನ್ನು ಕಂಡೊಡನೆ ಗುಡ್ಡ ಹತ್ತುವ ಬಂಡಿ ಎನ್ನುತ್ತಾನೆ. ಅಡ್ಡರೇಖೆಯನ್ನು ಕಂಡರೆ ಸಮತಟ್ಟಾದ ರಸ್ತೆಯಲ್ಲಿ ಓಡುವ ಬಂಡಿ ಎನ್ನುತ್ತಾನೆ. ವಾಸ್ತವವಾಗಿ ಅಲ್ಲಿ ಬಂಡಿ ನಿಂತಿದೆ, ಕಾಲ ಮಾತ್ರ ಸರಿಯುತ್ತಿದೆ. ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು: ಮೇಲಿರುವ ರೇಖೆಯೇ ಹೆಚ್ಚು ವೇಗದ್ದೆಂಬ ಭ್ರಮೆ. ರೇಖೆಯ ಎತ್ತರ ತಿಳಿಸುವುದು ವಸ್ತು ಎಲ್ಲಿದೆ ಎಂಬುದನ್ನು. ವೇಗವನ್ನು ತಿಳಿಸುವುದು ರೇಖೆಯ ಓರೆ, ಎಂದರೆ ಅದು ಎಷ್ಟು ಕಡಿದಾಗಿದೆ ಎಂಬುದು. ಇದಕ್ಕೆ ನಮ್ಮ ಮಕ್ಕಳ ಮಂದಬುದ್ಧಿಯೇ ಕಾರಣವೆಂದು ಯಾರೂ ಬಗೆಯಬಾರದು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಲಿಲಿಯನ್ ಮೆಕ್‌ಡರ್ಮಟ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿಯ ಕಾಲೇಜು ವಿದ್ಯಾರ್ಥಿಗಳೂ ಇವೇ ಎಡೆಗಳಲ್ಲಿ ತಪ್ಪುವುದು ಕಂಡುಬಂದಿತು.

ಈ ನಕ್ಷೆ ತರಗತಿಗಷ್ಟೇ ಮೀಸಲಾದುದಲ್ಲ. ರೈಲ್ವೆ ನಿಯಂತ್ರಣ ಕಚೇರಿಗಳಲ್ಲಿ ಗಾಡಿಗಳ ಓಡಾಟವನ್ನು ಇಂತಹದೇ ನಕ್ಷೆಯ ಮೇಲೆ ಗುರುತಿಸುತ್ತಾರೆ. ಒಂದು ಅಕ್ಷದಲ್ಲಿ ನಿಲ್ದಾಣಗಳು, ಇನ್ನೊಂದರಲ್ಲಿ ಗಂಟೆಗಳು. 60 ಕಿ.ಮೀ. ಉದ್ದದ ಒಂಟಿ ಹಳಿಯ ಮಾರ್ಗವೊಂದನ್ನು ಊಹಿಸಿರಿ. ಒಂದು ತುದಿಯಿಂದ ಪ್ರಯಾಣಿಕರ ಗಾಡಿಯು ಗಂಟೆಗೆ 40 ಕಿ.ಮೀ. ವೇಗದಿಂದಲೂ, ಅದೇ ಹೊತ್ತಿಗೆ ಎದುರು ತುದಿಯಿಂದ ಸರಕುಗಾಡಿಯು 20 ಕಿ.ಮೀ. ವೇಗದಿಂದಲೂ ಹೊರಡಲಿ. ಒಂದು ರೇಖೆ ಏರುತ್ತದೆ, ಇನ್ನೊಂದು ಇಳಿಯುತ್ತದೆ. ಸರಿಯಾಗಿ ಒಂದು ಗಂಟೆಗೆ, 40ನೆಯ ಕಿಲೋಮೀಟರಿನಲ್ಲಿ ಅವು ಕೂಡುತ್ತವೆ. ಅಲ್ಲಿ ನಿಲ್ದಾಣವಿಲ್ಲದಿದ್ದರೆ ಆ ಬಿಂದುವೇ ಅಪಘಾತದ ಸ್ಥಳ. ಗಾಡಿಗಳು ಒಂದನ್ನೊಂದು ದಾಟಬಲ್ಲ ನಿಲ್ದಾಣ 30ನೆಯ ಕಿಲೋಮೀಟರಿನಲ್ಲಿ ಮಾತ್ರ ಇದ್ದರೆ, 45ನೆಯ ನಿಮಿಷಕ್ಕೆ ಅಲ್ಲಿಗೆ ಬಂದ ಪ್ರಯಾಣಿಕರ ಗಾಡಿ 90ನೆಯ ನಿಮಿಷದವರೆಗೆ ಕಾಯಬೇಕು. ನಕ್ಷೆಯಲ್ಲಿ ಅದೊಂದು ಅಡ್ಡಗೆರೆ, ಅಷ್ಟೆ. (ಒಳಗೆ ಕುಳಿತು ಗೊಣಗುವ ಪ್ರಯಾಣಿಕನಿಗೆ ಆ ಗೆರೆಯ ಬೆಲೆ ತಿಳಿಯದು.)

ಇದನ್ನು ಕಲಿಸಲು ಪ್ರಯೋಗಾಲಯ ಬೇಕಿಲ್ಲ. ಆಟದ ಮೈದಾನದಲ್ಲಿ 10 ಮೀಟರಿಗೊಬ್ಬರಂತೆ ಗಡಿಯಾರ ಹಿಡಿದ ವಿದ್ಯಾರ್ಥಿಗಳನ್ನು ನಿಲ್ಲಿಸಿ, ಒಬ್ಬನು ನಡೆಯಲಿ, ನಿಲ್ಲಲಿ, ಓಡಲಿ, ಹಿಂದಿರುಗಲಿ. ಬರೆದುಕೊಂಡ ಕಾಲಗಳನ್ನು ಚೌಕುಳಿ ಹಾಳೆಗೆ ಏರಿಸಲಿ. ಓಟದ ಆರಂಭದಲ್ಲಿ ರೇಖೆ ಮೇಲ್ಮುಖವಾಗಿ ಬಾಗುವುದನ್ನು ತಾವೇ ಕಂಡವರಿಗೆ ವೇಗೋತ್ಕರ್ಷದ ವ್ಯಾಖ್ಯೆ ಹೊರೆಯಾಗದು.

ಎರಡು ಅವಧಿಗಳು ವ್ಯರ್ಥವಾಗುತ್ತವೆ, ಪಾಠಗಳು ಹಿಂದೆ ಬೀಳುತ್ತವೆ ಎಂಬ ಆಕ್ಷೇಪಣೆಯುಂಟು. ಆದರೆ ಆ ಮೂರು ಸಮೀಕರಣಗಳು ವೇಗೋತ್ಕರ್ಷ ಸ್ಥಿರವಾಗಿರುವಾಗ ಮಾತ್ರ ಸಲ್ಲತಕ್ಕವು. ನಿಂತು, ಓಡಿ, ಹಿಂದಿರುಗಿದ ಆ ಬಾಲಕನ ಚಲನೆಯನ್ನು ಅವುಗಳಲ್ಲಿ ಯಾವುದೂ ಇಡಿಯಾಗಿ ಹಿಡಿಯಲಾರದು. ಚೌಕುಳಿ ಹಾಳೆಯ ಮೇಲೆ ಅದು ಆಗಲೇ ಪೂರ್ತಿಯಾಗಿ ಮೂಡಿರುತ್ತದೆ.