ಬಂದೂಕು ಕೇಳೋ ಸರ್ಕಾರ ಬೆಲೆನೂ ಕಟ್ಟಲಿ



"ಬಂದೂಕಿಗೆ ಪರಿಹಾರ ಅಂತ ನಾವ್ಯಾಕೆ ಮಾತಾಡ್ಬೇಕು? ಅದು ಗೌಡರ ಸಾಮಾನು" ಅಂತ ನಮ್ಮವರೇ ಕೆಲವರು ಕೇಳ್ತಾರೆ. ಆ ಸಿಟ್ಟಿನಲ್ಲಿ ನ್ಯಾಯ ಐತೆ. ಆದ್ರೂ ಇದು ನಮ್ಮ ಪ್ರಶ್ನೆನೇ.

2019ರಲ್ಲಿ ಕೇಂದ್ರ ಸರ್ಕಾರ ಶಸ್ತ್ರಾಸ್ತ್ರ ಕಾಯ್ದೆ ತಿದ್ದಿತು. ಒಬ್ಬರು ಮೂರು ಬಂದೂಕು ಇಟ್ಕೋಬಹುದು ಅಂತಿದ್ದದ್ದು ಎರಡಕ್ಕೆ ಇಳೀತು. ಮಸೂದೆಯಲ್ಲಿ ಮೊದಲು ಒಂದೇ ಅಂತಿತ್ತು, ವಿರೋಧ ಬಂದ ಮೇಲೆ ಎರಡಾಯ್ತು. ಹೆಚ್ಚಿಗೆ ಇರೋದನ್ನ ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಇರೋ ಅಂಗಡಿಗೋ ಒಪ್ಪಿಸಿ ಅಂದ್ರು. ಅದಕ್ಕೆ ಸರ್ಕಾರ ದುಡ್ಡು ಕೊಡುತ್ತೆ ಅಂತ ತಿದ್ದುಪಡಿಯಲ್ಲಿ ಒಂದು ಸಾಲೂ ಇಲ್ಲ.

ಮೂರನೇ ಬಂದೂಕು ಇರೋನು ಹೊಲ ಕಾಯೋನಲ್ಲ ಬಿಡಿ. ಆದ್ರೆ ನಾಳೆ ಇದೇ ಕೈ ದರೋಜಿ ಕಡೆ ಕರಡಿ, ಹಂದಿ ಕಾಟದ ನಡುವೆ ಬೆಳೆ ಕಾಯೋ ಸಣ್ಣ ರೈತನ ಮದ್ದು ತುಂಬೋ ಬಂದೂಕಿಗೂ ಬಂದ್ರೆ? ಅವನಿಗಿರೋದು ಒಂದೇ.

ನ್ಯೂಜಿಲೆಂಡ್ ನೋಡಿ. 2019ರಲ್ಲಿ ಮಸೀದಿಗಳಲ್ಲಿ 51 ಜನರ ಕೊಲೆಯಾದ ಮೇಲೆ ಬಂದೂಕು ವಾಪಸ್ ತಗೊಂಡ್ರು. ಹೊಸದರಂತಿದ್ರೆ ಮೂಲ ಬೆಲೆಯ ಶೇ. 95, ಬಳಸಿದ್ದಕ್ಕೆ ಶೇ. 70, ಹಾಳಾಗಿದ್ರೆ ಶೇ. 25. ದರಪಟ್ಟಿ ಎಲ್ಲರ ಮುಂದಿತ್ತು. ಆಸ್ಟ್ರೇಲಿಯಾ 1996ರಲ್ಲಿ ಇದಕ್ಕಂತಲೇ ತೆರಿಗೆ ಹಾಕಿ ಸುಮಾರು 6.5 ಲಕ್ಷ ಬಂದೂಕು ಕೊಂಡಿತು.

ನಮ್ಮ ನೆಲದ ಚರಿತ್ರೆ ಬೇರೆ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ ಅವರ ಅನ್ನ. ಬೆಲೆ ಕಟ್ಟೋದಿರಲಿ, ಊರಿಗೇ ಬೆಂಕಿ ಇಟ್ರು, ಗಲ್ಲಿಗೇರಿಸಿದ್ರು. ಬಡವರಿಂದ ಕಿತ್ಕೊಳ್ಳುವಾಗ ಬೆಲೆ ಕೇಳೋ ಹಕ್ಕು ಇರಲೇಬೇಕು ಅನ್ನೋದು ಅದಕ್ಕೇ. ಭೂಮಿಗೂ ಅದೇ ಮಾತು, ಬಂದೂಕಿಗೂ ಅದೇ ಮಾತು.

ಆದ್ರೆ ಒಂದು ಗೆರೆ ಎಳೀಬೇಕು. ಕಾನೂನು ಪಾಲಿಸ್ತಿರೋನ ಬಂದೂಕನ್ನ ಸರ್ಕಾರ ತನ್ನ ನೀತಿಗಾಗಿ ತಗೊಂಡ್ರೆ ಬೆಲೆ ಕೊಡಲಿ. ನಮ್ಮ ಕೇರಿಗೆ ಬೆದರಿಕೆ ಹಾಕೋನ ಬಂದೂಕಿಗೆ ಬಿಡಿಗಾಸೂ ಬೇಡ. 1995ರ ದೌರ್ಜನ್ಯ ತಡೆ ನಿಯಮಗಳ 3ನೇ ನಿಯಮ ಓದಿ. ದೌರ್ಜನ್ಯದ ಭಯ ಇರೋ ಪ್ರದೇಶದಲ್ಲಿ ಅಗತ್ಯ ಬಿದ್ರೆ ಪರಿಶಿಷ್ಟರಲ್ಲದವರ ಲೈಸೆನ್ಸ್ ರದ್ದು ಮಾಡಿ, ಬಂದೂಕನ್ನ ಸರ್ಕಾರಿ ಶಸ್ತ್ರಾಗಾರಕ್ಕೆ ಜಮಾ ಮಾಡಿಸ್ಬೇಕು. ಅಗತ್ಯ ಬಿದ್ರೆ ಪರಿಶಿಷ್ಟರಿಗೇ ಲೈಸೆನ್ಸ್ ಕೊಡ್ಬೇಕು. ಅಲ್ಲಿ ನಡೆಯೋದು ಖರೀದಿ ಅಲ್ಲ, ಜೀವ ರಕ್ಷಣೆ.

ಹಾಗಾಗಿ ನಮ್ಮ ಬೇಡಿಕೆ ಮೂರು:

1. ಬಂದೂಕು ವಾಪಸ್ ತಗೊಳ್ಳೋ ಮೊದಲೇ ದರಪಟ್ಟಿ ಪ್ರಕಟ ಆಗಲಿ.
2. ಒಂದೇ ಬಂದೂಕಿನ ಸಣ್ಣ ರೈತನಿಗೆ ಗುಜರಿ ಬೆಲೆ ಬೇಡ. ಪೂರ್ತಿ ಬೆಲೆ, ಜೊತೆಗೆ ಬೆಳೆ ಕಾಯೋಕೆ ಬೇಲಿ ಕೊಡಲಿ.
3. ದೌರ್ಜನ್ಯ ಎಸಗಿದವರಿಗೆ ಪರಿಹಾರ ಇಲ್ಲ.

ಗುಮಾಸ್ತನಾಗಿ ಒಂದು ಮಾತು: ಫೈಲು ತಾನಾಗೇ ನಡೆಯಲ್ಲ, ನಡೆಸ್ಬೇಕು. ಹತ್ತು ರೂಪಾಯಿ ಕಟ್ಟಿ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 3ನೇ ನಿಯಮದಡಿ ಇದುವರೆಗೆ ಎಷ್ಟು ಲೈಸೆನ್ಸ್ ರದ್ದಾಗಿವೆ, ನಮ್ಮವರಿಗೆ ಎಷ್ಟು ಕೊಟ್ಟಿದ್ದೀರಿ ಅಂತ ಕೇಳಿ. ಬಂದ ಉತ್ತರ ಇಲ್ಲಿ ಹಾಕಿ, ಮುಂದಿನ ಮಾತು ಅಲ್ಲಿಂದ ಶುರು ಮಾಡೋಣ.

ಜೈ ಭೀಮ್.