ಕಾಸರಗೋಡಿನ ಮಗ

ಕಾಸರಗೋಡು ಸೀರೆಯ ಬಣ್ಣ ಬಿಡುವುದಿಲ್ಲವೆಂಬುದನ್ನು ಗಡಿನಾಡಿನ ಮನೆಗಳಲ್ಲಿ ಯಾರೂ ಹೊಸದಾಗಿ ಕಲಿಯಬೇಕಾಗಿಲ್ಲ. ಹತ್ತಿಯ ನೂಲಿಗೆ ಮೊದಲೇ ಪಕ್ಕಾ ಬಣ್ಣ ಹಾಕಿ, ಆಮೇಲೆ ಕೈಮಗ್ಗಕ್ಕೇರಿಸಿ ನೇಯುವ ಸೀರೆಯದು. ನೂಲು 60ರಿಂದ 100ನೆಯ ನಂಬರಿನದು. ಮೈಯಲ್ಲಿ ಗೆರೆ ಅಥವಾ ಚೌಕುಳಿ, ಇಲ್ಲವೇ ಏನೂ ಇಲ್ಲದ ಬರಿಯ ಬಣ್ಣ. ಕೇರಳದ ಉಳಿದೆಡೆಯ ಬಿಳಿ ಕಸವಿನ ಬಟ್ಟೆಗಿಂತ ಇದರ ನಡೆ ಬೇರೆ. ದಕ್ಷಿಣ ಕನ್ನಡದ ನೇಯ್ಗೆಯ ನಂಟು ಇದಕ್ಕಿದೆ. 1999ರ ಕಾಯ್ದೆಯಡಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಅಂಗಡಿಯ ಕಪಾಟಿನಲ್ಲಿ ಹತ್ತು ಬಗೆಯ ಸೀರೆಗಳ ನಡುವೆ ಇದನ್ನು ಬೇರ್ಪಡಿಸಿ ಗುರುತಿಸುವುದು, ತಿಳಿದವರಿಗಲ್ಲದೆ ಇತರರಿಗೆ ಸುಲಭವಲ್ಲ.

ಈ ಗುರುತಿನ ಕೊರತೆಯನ್ನೇ ವಿನ್ಯಾಸ ಕಾಲೇಜೊಂದರ ಮೂರನೆಯ ವರ್ಷದ ನಾಲ್ವರು ವಿದ್ಯಾರ್ಥಿಗಳಿಗೆ ಪಾಠವಾಗಿ ಕೊಡಲಾಯಿತು. ಸೀರೆಗೊಂದು ಲಾಂಛನ, ಒಂದು ಚೀಟಿ, ಒಂದು ಹೊದಿಕೆ; ಅವಧಿ ಆರು ವಾರ. ಗುಂಪುಗಳನ್ನು ಹಾಜರಿ ಪಟ್ಟಿಯ ಕ್ರಮದಲ್ಲಿ ಮಾಡಲಾಗಿತ್ತು. ಹೀಗೆ ಒಂದಾದ ನಾಲ್ವರಲ್ಲಿ ಒಬ್ಬಳು ಕಾಸರಗೋಡಿನವಳು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಉಳಿದ ಮೂವರು ಇಂಗ್ಲಿಷ್ ಮಾಧ್ಯಮದಿಂದ ಬಂದವರು.

ಮೊದಲ ಸಭೆಯಲ್ಲಿ ಆಕೆ ಮೂರು ವಾಕ್ಯ ಮಾತನಾಡಿದಳು. ಮೂರನೆಯದು ಮುಗಿಯುವ ಮುನ್ನವೇ ಜೊತೆಯವನೊಬ್ಬ ಅದನ್ನು ತಾನೇ ಪೂರ್ತಿಗೊಳಿಸಿದ. ಅವನ ಉದ್ದೇಶ ಕೆಟ್ಟದಾಗಿರಲಿಲ್ಲ, ನೆರವಾಗಬೇಕೆಂದೇ ಹಾಗೆ ಮಾಡಿದ್ದ. ಆದರೆ ಅವನು ಪೂರ್ತಿಗೊಳಿಸಿದ ವಾಕ್ಯ ಆಕೆ ಹೇಳಹೊರಟದ್ದಾಗಿರಲಿಲ್ಲ. ಕೆಲಸ ಹಂಚಿಕೆಯಾದಾಗ ಲಾಂಛನ ಒಬ್ಬನಿಗೆ, ಅಕ್ಷರಜೋಡಣೆ ಇನ್ನೊಬ್ಬನಿಗೆ, ಛಾಯಾಚಿತ್ರ ಮತ್ತು ಮಂಡನೆ ಮತ್ತೊಬ್ಬಳಿಗೆ ಸೇರಿದವು. ಊರಿನವಳಾದ್ದರಿಂದ ಈಕೆಗೆ ‘ಊರಿನ ಕೆಲಸ’. ಎಂದರೆ ನೇಕಾರರನ್ನು ಕಂಡು ಮಾತನಾಡಿಸುವುದು, ಅವರು ಹೇಳಿದ್ದನ್ನು ಭಾಷಾಂತರಿಸಿ ತರುವುದು.

ಎರಡನೆಯ ವಾರದಲ್ಲಿ ಜಗಳ ಹುಟ್ಟಿತು. ಕಾಸರಗೋಡು ಎಂದೊಡನೆ ಮೂವರಿಗೂ ಕಂಡದ್ದು ತೆಯ್ಯಂನ ಮುಡಿ ಮತ್ತು ಬೇಕಲದ ಕೋಟೆ. ಕೆಳದಿಯ ಶಿವಪ್ಪ ನಾಯಕನ ಕಾಲದ ಆ ಕೋಟೆಗೂ ಸೀರೆಗೂ ಏನು ಸಂಬಂಧವೆಂದು ಆಕೆ ಕೇಳಿದಳು. ಜನರಿಗೆ ಊರು ನೆನಪಾಗಬೇಕಲ್ಲ ಎಂಬ ಉತ್ತರ ಬಂತು. ಸೀರೆ ಕೊಳ್ಳುವ ಹೆಂಗಸು ಊರನ್ನು ನೆನೆಯುವುದಕ್ಕಿಂತ ಮುಂಚೆ, ಒಗೆದರೆ ಬಣ್ಣ ಹೋಗುತ್ತದೆಯೇ ಎಂದು ಕೇಳುತ್ತಾಳೆ. ನೇಕಾರರು ಆಕೆಗೆ ಮೊದಲು ಹೇಳಿದ್ದೂ ಅದನ್ನೇ. ಬ್ರ್ಯಾಂಡ್ ಎಂಬುದು ಚಿತ್ರಕ್ಕಿಂತ ಮೊದಲು ಕೊಳ್ಳುವವರ ಪ್ರಶ್ನೆಗೆ ಕೊಡುವ ಉತ್ತರ. ಈ ತಿಳಿವಳಿಕೆ ಆಕೆಯಲ್ಲಿತ್ತು, ಆದರೆ ವಾದವಾಗಿ ಮಂಡಿಸುವ ಇಂಗ್ಲಿಷ್ ಇರಲಿಲ್ಲ. ಕೊನೆಗೆ ಕೋಟೆಯೂ ಬೀಳಲಿಲ್ಲ, ಮುಡಿಯೂ ಇಳಿಯಲಿಲ್ಲ. ಎರಡೂ ಚೀಟಿಯ ಮೇಲೆ ಬಂದವು.

ವಿನ್ಯಾಸ ಪಾಠಗಳಲ್ಲಿ ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ. 1971ರಲ್ಲಿ ನೈಕಿ ಕಂಪನಿಯ ಗುರುತನ್ನು 35 ಡಾಲರಿಗೆ ಬರೆದುಕೊಟ್ಟ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್ಸನ್. 2010ರಲ್ಲಿ ರೂಪಾಯಿಯ ಚಿಹ್ನೆಗೆ ರೂಪ ಕೊಟ್ಟ ಉದಯ ಕುಮಾರ್. ನಾಲ್ವರು ಒಂದೇ ಮೇಜಿನ ಸುತ್ತ ಕುಳಿತು, ಒಬ್ಬರ ಮುಖ ಒಬ್ಬರು ನೋಡದೆ ಮುಗಿಸಿದ ಕೆಲಸದ ಕಥೆಯನ್ನು ಯಾರೂ ಹೇಳುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಹೆಚ್ಚಿನವರಿಗೆ ಎದುರಾಗುವುದು ಮಾತ್ರ ಅದೇ.

ಚೀಟಿಯ ಕೆಳತುದಿಯಲ್ಲಿ ‘ಕಾಸರಗೋಡಿನ ಮಗ್ಗ’ ಎಂಬ ಹೆಸರು ಬರಬೇಕಿತ್ತು. ಅಂಚಿನಿಂದ 3 ಮಿಲಿಮೀಟರ್ ಒಳಗಡೆ ಅಕ್ಷರ ನಿಲ್ಲಬೇಕೆಂದು ಮುದ್ರಣಾಲಯದವರು ಮೊದಲೇ ತಿಳಿಸಿದ್ದರು. ಅಕ್ಷರ ಜೋಡಿಸಿದವನು ಅಳೆದದ್ದು ಇಂಗ್ಲಿಷ್ ಅಕ್ಷರಗಳ ರೂಢಿಯಂತೆ, ಗೆರೆಯ ಮೇಲೆ ಕುಳಿತ ಅಕ್ಷರದ ಬುಡದಿಂದ. ಕನ್ನಡದ ಒತ್ತಕ್ಷರ ಆ ಗೆರೆಯ ಕೆಳಗೆ ಜೋತುಬೀಳುತ್ತದೆಂಬುದು ಅವನಿಗೆ ಹೇಗೆ ತಿಳಿಯಬೇಕು? ಐನೂರು ಚೀಟಿಗಳು ಅಚ್ಚಾದವು, ಕತ್ತರಿಸುವ ಯಂತ್ರ ಕೂದಲೆಳೆಯಷ್ಟು ಮೇಲೆ ಸರಿಯಿತು. ಒತ್ತಕ್ಷರ ಕಾಗದದ ಚೂರುಗಳ ಜೊತೆ ಹೋಯಿತು.

ಮಂಡನೆಯ ದಿನ ಅತಿಥಿಯಾಗಿ ಬಂದಿದ್ದ ಹಿರಿಯ ನೇಕಾರರು ಕನ್ನಡ ಶಾಲೆಯಲ್ಲಿ ಓದಿದವರು. ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನಿಧಾನವಾಗಿ ಓದಿದರು. ‘ಕಾಸರಗೋಡಿನ ಮಗ.’ ಬಳಿಕ ಆಕೆಯತ್ತ ತಿರುಗಿ, ‘ಎಂತ ಮಗಳೇ, ಇದು ಯಾರ ಮಗ?’ ಎಂದರು. ಸೀರೆಯ ಮೇಲೆ ಮಗನ ಹೆಸರು! ಅವರು ನಕ್ಕರು. ಅಧ್ಯಾಪಕರಿಗೆ ನಗುವಿನ ಕಾರಣ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಯೋಜನೆ ಮುಗಿದ ಮೇಲೆ ಪ್ರತಿಯೊಬ್ಬರೂ ಒಂದು ಪುಟದ ಅವಲೋಕನ ಬರೆದುಕೊಡಬೇಕೆಂಬುದು ನಿಯಮ. ಒಬ್ಬ ಮುದ್ರಣಾಲಯವನ್ನು ದೂರಿದ. ಇನ್ನೊಬ್ಬ ಸಮಯ ಸಾಲಲಿಲ್ಲವೆಂದ. ಮೂರನೆಯವಳು ಗುಂಪಿನಲ್ಲಿ ಸಂವಹನದ ಕೊರತೆಯಿತ್ತು ಎಂದು ಬರೆದಳು. ಯಾವ ಗುಂಪಿನ ಬಗೆಗೂ ಬರೆಯಬಹುದಾದ ವಾಕ್ಯವದು. ಕಾಸರಗೋಡಿನ ಹುಡುಗಿ ಬರೆದದ್ದು ಬೇರೆ. ಒತ್ತಕ್ಷರ ಅಂಚಿಗೆ ತಾಗಿದ್ದನ್ನು ಆಕೆ ಹಿಂದಿನ ರಾತ್ರಿಯೇ ಪರದೆಯ ಮೇಲೆ ಕಂಡಿದ್ದಳು. ಹೇಳಬಹುದಿತ್ತು, ಹೇಳಲಿಲ್ಲ. ತನ್ನನ್ನು ಯಾರೂ ಕೇಳಲಿಲ್ಲವೆಂಬುದು ಅರ್ಧ ಕಾರಣ. ಅವರಿಗೆ ಗೊತ್ತಾಗಲಿ ಎಂಬ ಹಟ ಉಳಿದರ್ಧ.

ಆ ಪುಟವನ್ನು ಆಕೆ ರಜೆಗೆ ಬಂದಾಗ ಮನೆಯಲ್ಲಿ ತೋರಿಸಿದಳು. ‘ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ’ ಎಂದರು ತಾಯಿ. ತಂದೆ ಏನೂ ಅನ್ನಲಿಲ್ಲ. ಕನ್ನಡ ಮಾಧ್ಯಮಕ್ಕೆ ಹಾಕಿದಾಗ ನೆಂಟರಿಷ್ಟರು ಆಡಿದ ಮಾತುಗಳು ಅವರಿಗೆ ನೆನಪಾಗಿರಬೇಕು. ಮಾಧ್ಯಮದಿಂದಲೇ ಮಗು ಮೂಕವಾಯಿತೆಂದು ಹೇಳಿಬಿಡುವುದು ಸುಲಭ. ಆದರೆ ಆ ಕೋಣೆಯಲ್ಲಿ ತಪ್ಪನ್ನು ಗುರುತಿಸಬಲ್ಲ ಕಣ್ಣು ಒಂದೇ ಇತ್ತು, ಅದನ್ನು ಕೊಟ್ಟದ್ದು ಕನ್ನಡ ಶಾಲೆಯೇ. ಮಾತನ್ನು ಅಡಗಿಸಿದ್ದರಲ್ಲಿ ಇಂಗ್ಲಿಷಿನ ಅಂಜಿಕೆಗೆ ಒಂದು ಪಾಲು, ಮುನಿಸಿಗೆ ಒಂದು ಪಾಲು. ಕರಡು ತಿದ್ದುವ ಹೊಣೆಯನ್ನು ಯಾರಿಗೂ ವಹಿಸದ ಅಧ್ಯಾಪಕರ ಪಾಲೂ ಸಣ್ಣದಲ್ಲ. ಕನ್ನಡ ಪತ್ರಿಕೆಯ ಅಚ್ಚುಮನೆಯಲ್ಲಿ ಕೆಲಸ ಮಾಡಿದ ಯಾರನ್ನು ಕೇಳಿದರೂ, ಕಳಚಿದ ಒಂದು ಒತ್ತಕ್ಷರ ಮಾಡುವ ಅನಾಹುತದ ಹತ್ತು ಕಥೆ ಹೇಳಿಯಾರು. ಅದಕ್ಕೆಂದೇ ಅಲ್ಲಿ ಕರಡಿಗೆ ಒಬ್ಬರು ಕುಳಿತಿರುತ್ತಾರೆ.

ಅಂಕ ನಾಲ್ವರಿಗೂ ಒಂದೇ ಬಂತು. ಅದು ನ್ಯಾಯವೋ ಅಲ್ಲವೋ ಎಂಬ ಚರ್ಚೆ ವಿದ್ಯಾರ್ಥಿ ನಿಲಯದಲ್ಲಿ ಕೆಲವು ದಿನ ನಡೆಯಿತು.

ಅವಲೋಕನಗಳನ್ನು ಎಲ್ಲರೆದುರು ಓದಿದ ದಿನ ಸಂಜೆ, ಅಕ್ಷರ ಜೋಡಿಸಿದವನು ಆಕೆಯ ಬಳಿಗೆ ಬಂದ. ಕ್ಷಮೆ ಕೇಳಲೂ ಇಲ್ಲ, ಜಗಳವಾಡಲೂ ಇಲ್ಲ. ಕನ್ನಡ ಅಕ್ಷರ ಎಷ್ಟು ಕೆಳಗೆ ಇಳಿಯುತ್ತದೆಂದು ತೋರಿಸು ಎಂದ. ಆಕೆ ಕಾಗದದ ಮೇಲೆ ಸೀಸದ ಕಡ್ಡಿಯಿಂದ ಅಡ್ಡಗೆರೆ ಎಳೆದು ‘ಗ್ಗ’ ಬರೆದಳು, ಆಮೇಲೆ ‘ಕ್ಷ’, ಕೊನೆಗೆ ಇನ್ನೂ ಕೆಳಗಿಳಿಯುವ ‘ಸ್ತ್ರ’. ಅವನು ಪ್ರತಿಯೊಂದನ್ನೂ ಅಳತೆಪಟ್ಟಿಯಿಂದ ಅಳೆದು ಬರೆದುಕೊಂಡ. ಎರಡನೆಯ ಬಾರಿಯ ಚೀಟಿಯಲ್ಲಿ ಹೆಸರು 4 ಮಿಲಿಮೀಟರ್ ಮೇಲೆ ಸರಿಯಿತು. ಜಾಗ ಸಾಲದೆ ಕೋಟೆಯನ್ನು ತೆಗೆಯಬೇಕಾಯಿತು. ಅಲ್ಲಿ ಒಂದು ಸಾಲು ಬಂತು: ಬಣ್ಣ ಬಿಡುವುದಿಲ್ಲ.

ಹಳೆಯ ಐನೂರನ್ನು ಹಿರಿಯ ನೇಕಾರರು ಬಿಸಾಡಲು ಬಿಡಲಿಲ್ಲ. ತೂತು ಕೊರೆದು, ದಾರ ಪೋಣಿಸಿ, ಹಿಂಬದಿಯ ಖಾಲಿ ಜಾಗದಲ್ಲಿ ಬಣ್ಣದ ಸಂಖ್ಯೆ ಬರೆದು ನೂಲಿನ ಲಡಿಗಳಿಗೆ ಕಟ್ಟಿದ್ದಾರೆ.