ಒಂದು ಕ್ರೆಡಿಟ್‌ನ ಪೀರಿಯಡ್

"ಎಂಜಿನಿಯರಿಂಗ್ ಓದ್ತಿದ್ದೀಯ, ನಿಂಗ್ಯಾಕೋ ಈ ಕಥೆ, ಸಿನಿಮಾ ಎಲ್ಲಾ?" ಈ ಮಾತು ಕೇಳಿಸ್ಕೊಳ್ಳದವರು ನಮ್ಮ ಕ್ಲಾಸಲ್ಲಿ ಯಾರಾದ್ರೂ ಇದ್ದೀರಾ?

ಹಾಗೆ ಕೇಳೋರಿಗೆ ಒಂದು ಹಳೇ ವಿಷಯ. ಬೆಂಗಳೂರಲ್ಲಿ ಆಗ ಸಿನಿಮಾ ಛಾಯಾಗ್ರಹಣ ಕಲಿಸ್ತಿದ್ದದ್ದು ಪಾಲಿಟೆಕ್ನಿಕ್‌ನಲ್ಲಿ! ನಮ್ಮ ಎಸ್‌ಜೆಪಿಯಲ್ಲಿ. 1946ರಲ್ಲಿ ಅಲ್ಲಿ ಡಿಪ್ಲೊಮಾ ಮುಗಿಸಿದ ಮೈಸೂರಿನ ವಿ.ಕೆ. ಮೂರ್ತಿ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಗೋವಿಂದ ನಿಹಲಾನಿ ಕಲಿತದ್ದೂ ಅಲ್ಲೇ. ಅವರು ಕ್ಯಾಮೆರಾ ಹಿಡಿದ 'ಕಾಡು' (1973) ಸಿನಿಮಾ ಶ್ರೀಕೃಷ್ಣ ಆಲನಹಳ್ಳಿ ಅವರ ಕಾದಂಬರಿಯಿಂದ ಬಂದದ್ದು. ಅದರ ನಿರ್ದೇಶಕ ಗಿರೀಶ ಕಾರ್ನಾಡರು ಧಾರವಾಡದಲ್ಲಿ ಪದವಿಗೆ ಓದಿದ್ದು ಗಣಿತ, ಸಂಖ್ಯಾಶಾಸ್ತ್ರ.

ಪಾಲಿಟೆಕ್ನಿಕ್, ಗಣಿತ, ಕಾದಂಬರಿ. ಮೂರೂ ಸೇರಿ ಒಂದು ಸಿನಿಮಾ.

ಈಗ ನಮ್ಮ ಕಥೆ ನೋಡಿ. ವಿಟಿಯು 2022ರ ಸ್ಕೀಮಲ್ಲಿ ಬಿ.ಇ.ಗೆ ಒಟ್ಟು 160 ಕ್ರೆಡಿಟ್. ಕನ್ನಡಕ್ಕೆ ಒಂದು. ಆ ಪೀರಿಯಡ್‌ನಲ್ಲೂ ಹಿಂದಿನ ಬೆಂಚಲ್ಲಿ ಕೂತು ಲ್ಯಾಬ್ ರೆಕಾರ್ಡ್ ಬರೀತೀವಿ. ನಾನೂ ಬರೆದಿದ್ದೀನಿ, ಸುಳ್ಳು ಯಾಕೆ ಹೇಳ್ಲಿ.

ಪ್ಲೇಸ್‌ಮೆಂಟ್ ಬೇಡ ಅಂತಿಲ್ಲ. ಮನೇಲಿ ಫೀಸ್ ಕಟ್ಟಿದವರ ಕಷ್ಟ ನಂಗೂ ಗೊತ್ತು. ಆದ್ರೆ ನಾಲ್ಕು ವರ್ಷದಲ್ಲಿ ಒಂದೇ ಒಂದು ಪೂರ್ತಿ ಕೋರ್ಸ್, ಕಾದಂಬರಿ ಓದೋಕೆ, ಸಿನಿಮಾ ನೋಡಿ ಚರ್ಚೆ ಮಾಡೋಕೆ ಕೊಟ್ರೆ ಏನು ನಷ್ಟ? ಸಾಹಿತ್ಯ ಓದೋ ಗೆಳೆಯರಿಗೂ ಕ್ಯಾಮೆರಾ, ಕೋಡಿಂಗ್ ಸಿಗಲಿ. ಲೆನ್ಸ್ ಬೆಳಕನ್ನ ಹೇಗೆ ಬಾಗಿಸುತ್ತೆ ಅಂತ ನಮಗೆ ಕಲಿಸ್ತಾರೆ. ಆ ಬೆಳಕು ಯಾರ ಮುಖದ ಮೇಲೆ ಬೀಳ್ಬೇಕು ಅನ್ನೋದನ್ನೂ ಕಲೀಬೇಕಲ್ವಾ?

ನಾಳೆಯ ಕನ್ನಡ ಪೀರಿಯಡ್‌ಗೆ ನಾನು ರೆಕಾರ್ಡ್ ತರಲ್ಲ. ನೀವು?

#ಕನ್ನಡ #ಎಂಜಿನಿಯರಿಂಗ್ #ಸಿನಿಮಾ